ಕರಣೆಯ ಮೇಲಿನ ಕುಂಕುಮ

ವೆಂಕಟರಾಮುವಿನ ಕಿವಿಗೆ ಒಂದು ತಪ್ಪು ನಾದ ಬಿತ್ತೆಂದರೆ ಅದು ದಿನವೆಲ್ಲ ಅಲ್ಲೇ ಕೂತಿರುತ್ತಿತ್ತು. ಶನಿವಾರ ಬೆಳಿಗ್ಗೆ ಮಗಳು ತೇಜಸ್ವಿನಿಯನ್ನು ಮೃದಂಗದ ಪಾಠಕ್ಕೆ ಬಿಟ್ಟು ಅನಸೂಯಮ್ಮನವರ ಮನೆಯ ಮುಂದೆ ಕಾರಿನಲ್ಲೇ ಕಾಯುತ್ತಿದ್ದ. ಮಿಕ್ಕ ಮಕ್ಕಳ ಅಪ್ಪಂದಿರು ಒಳಗೆ ಹೋಗಿ ಕಾಫಿ ಕುಡಿಯುತ್ತ ಗ್ರೀನ್ ಕಾರ್ಡಿನ ಮಾತಾಡಿಕೊಳ್ಳುತ್ತಿದ್ದರೆ, ಇವನು ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿ, ಬೇಸ್‌ಮೆಂಟಿನಿಂದ ಸೋರಿ ಬರುವ ಪೆಟ್ಟುಗಳಿಗೆ ಕಿವಿ ಕೊಟ್ಟು ಕೂರುತ್ತಿದ್ದ. ಹತ್ತು ಮಕ್ಕಳು ಒಟ್ಟಿಗೆ ಬಾರಿಸಿದರೂ ಯಾವ ಮೃದಂಗದ ಬಾರು ಸಡಿಲವಾಗಿದೆ, ಯಾವುದರ ಎಡಗಡೆಗೆ ರವೆಯ ಹಿಟ್ಟು ಜಾಸ್ತಿ ಮೆತ್ತಿದ್ದಾರೆ ಎಂಬುದು ಅವನಿಗೆ ತಿಳಿದುಬಿಡುತ್ತಿತ್ತು. ತಿಳಿದರೂ ಒಂದು ದಿನವೂ ಇಳಿದು ಹೋಗಿ ಹೇಳಿದವನಲ್ಲ.

ಅನಸೂಯಮ್ಮ ದಾವಣಗೆರೆಯ ಕಡೆಯವರು. ಮಕ್ಕಳ ಡಾಕ್ಟರಾಗಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮೇಲೆ ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ ತಮ್ಮ ಮನೆಯ ಬೇಸ್‌ಮೆಂಟನ್ನೇ ತಾಳವಾದ್ಯದ ಬಳಗಕ್ಕೆ ಬಿಟ್ಟುಕೊಟ್ಟಿದ್ದರು. ಮೃದಂಗ ಕಲಿಯುವ ಆಸೆಯಿದ್ದು ವಾದ್ಯವಿಲ್ಲದ ಮಕ್ಕಳಿಗೆ ಬಳಗದಿಂದ ಒಂದೊಂದು ವಾದ್ಯ ಎರವಲು ಸಿಗುತ್ತಿತ್ತು. ಊರಿಂದ ಬಂದ ಮೃದಂಗದವರಿಗೆ ಇಲ್ಲಿ ಉಳಿಯಲು ಜಾಗ, ಕಛೇರಿ, ನಾಲ್ಕು ಪಾಠ ಗೊತ್ತುಮಾಡಿ ಕೊಡುವುದೂ ಬಳಗದ ಕೆಲಸವೇ. ಅವರು ಇಲ್ಲದ ತಿಂಗಳುಗಳಲ್ಲಿ ಪಾಠ ಊರಿನಿಂದ ವೀಡಿಯೋದಲ್ಲಿ ನಡೆಯುತ್ತಿತ್ತು. ಒಂದು ಮೃದಂಗ ಕೆಟ್ಟರೆ ಮಾತ್ರ ಕಷ್ಟವಾಗುತ್ತಿತ್ತು. ಯಾರಾದರೂ ಊರಿಗೆ ಹೋಗುವವರ ಸಾಮಾನಿನ ಜೊತೆ ಕಳಿಸಬೇಕು, ಬರುವವರ ಜೊತೆ ತರಿಸಬೇಕು. ಅಷ್ಟರಲ್ಲಿ ಮಗು ಕಲಿತದ್ದನ್ನು ಅರ್ಧ ಮರೆತಿರುತ್ತಿತ್ತು.

ಇದೆಲ್ಲ ಗೊತ್ತಿದ್ದೂ ವೆಂಕಟರಾಮು ಬಾಯಿ ಬಿಟ್ಟಿರಲಿಲ್ಲ.

ಅವನು ಹುಟ್ಟಿದ್ದು ಮೈಸೂರಿನ ಅಂಚಿನ ಒಂದು ಕೇರಿಯಲ್ಲಿ. ಅಪ್ಪ ಮಾದಯ್ಯ ತೊಗಲಿನ ಕೆಲಸದವನು. ಆಡಿನ ಚರ್ಮ, ಹಸುವಿನ ಚರ್ಮ, ಎಮ್ಮೆಯ ಚರ್ಮ ತಂದು, ನೆನೆಸಿ, ಕೂದಲು ಕೆರೆದು, ಬಿಸಿಲಿಗೆ ಬಿಗಿದು ಮೃದಂಗಕ್ಕೆ ಮುಚ್ಚಿಗೆ ಕಟ್ಟುತ್ತಿದ್ದ. ಬಲಗಡೆಯ ಮುಚ್ಚಿಗೆಯ ನಡುವೆ ಕಪ್ಪಗೆ ದುಂಡಗೆ ಇರುತ್ತದಲ್ಲ, ಅದು ಕರಣೆ. ಕಪ್ಪು ಕಲ್ಲಿನ ಪುಡಿಯನ್ನು ಮೆತ್ತಗೆ ಬೇಯಿಸಿದ ಅನ್ನದಲ್ಲಿ ಕಲಸಿ, ಬೆರಳ ತುದಿಯಷ್ಟು ಹಚ್ಚಿ, ನುಣುಪು ಕಲ್ಲಿನಿಂದ ಉಜ್ಜಿ ಒಣಗಿಸಿ, ಮತ್ತೆ ಹಚ್ಚಿ, ಮತ್ತೆ ಉಜ್ಜಿ, ಹೀಗೆ ಪದರದ ಮೇಲೆ ಪದರ ಕೂರಿಸಬೇಕು. ಆತುರ ಮಾಡಿದರೆ ಕರಣೆ ಕೂರುತ್ತದೆ, ನಾದ ಕೂರುವುದಿಲ್ಲ. ವೆಂಕಟರಾಮು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಅಪ್ಪನಿಗಿಂತ ನುಣ್ಣಗೆ ಉಜ್ಜುತ್ತಿದ್ದ. ಬಾರು ಎಳೆದೆಳೆದು ಎಡ ಅಂಗೈಯಲ್ಲಿ ಬಿದ್ದ ಗೆರೆ ಇವತ್ತಿಗೂ ಇದೆ. ಯಾರಾದರೂ ಕೇಳಿದರೆ ಸೈಕಲ್ಲಿನಿಂದ ಬಿದ್ದದ್ದು ಅನ್ನುತ್ತಾನೆ.

ಸಿದ್ಧವಾದ ಮೃದಂಗವನ್ನು ತಲೆಯ ಮೇಲೆ ಹೊತ್ತು ಅಪ್ಪ ವಿದ್ವಾಂಸರ ಮನೆಗಳಿಗೆ ಹೋಗುವಾಗ ಇವನೂ ಜೊತೆಗೆ ಹೋಗುತ್ತಿದ್ದ. ಹಿತ್ತಲ ಬಾಗಿಲಲ್ಲಿ ಇಳಿಸಿ ಹೊರಗೆ ನಿಲ್ಲಬೇಕು. ಒಳಗಿನವರು ವಾದ್ಯದ ಮೇಲೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಒಳಗಿನಿಂದ ನಾಲ್ಕು ಪೆಟ್ಟು ಕೇಳುತ್ತಿತ್ತು. ಚೆನ್ನಾಗಿದ್ದರೆ ಒಳಗಿನಿಂದಲೇ ‘ಭೇಷ್ ಮಾದ’ ಅನ್ನುವ ದನಿ ಬರುತ್ತಿತ್ತು. ಹಸೀ ಕರಣೆಗೆ ನೀರು ಬಿದ್ದರೆ ಕೆಲಸವೆಲ್ಲ ಮಣ್ಣುಪಾಲು ಎಂದು ಅಪ್ಪನಿಗೆ ಗೊತ್ತಿತ್ತು. ಆದರೆ ನೀರು ಹಾಕಬೇಡಿ ಎಂದು ಹೇಳುವುದು ಹೇಗೆ? ಹಾಗಾಗಿ ಮಾದಯ್ಯ ಪ್ರತಿ ಮೃದಂಗವನ್ನೂ ಕೊಡಬೇಕಾದ ದಿನಕ್ಕಿಂತ ಎರಡು ದಿನ ಮೊದಲೇ ಮುಗಿಸಿ, ಆ ನಾಲ್ಕು ಹನಿ ನೀರಿಗೆ ತಡೆಯುವಷ್ಟು ಒಣಗಿಸಿಯೇ ಒಯ್ಯುತ್ತಿದ್ದ. ಮಗ ಒಮ್ಮೆ ಯಾಕಪ್ಪ ಅಂತ ಕೇಳಿದ್ದಕ್ಕೆ, ‘ಅವರ ಕೈ ತಡೆಯಕ್ಕಾಗಲ್ಲ ಕಣ್ಲಾ, ನಮ್ಮ ಕೆಲಸ ಗಟ್ಟಿ ಮಾಡ್ಕಬೋದು’ ಅಂದಿದ್ದ.

ವೆಂಕಟರಾಮು ಓದಿದ. ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಕಾರ್ಖಾನೆಯಲ್ಲಿ ಅಳತೆಯ ಕೆಲಸ ಕಲಿತು, ಅಲ್ಲಿಂದ ಅಮೆರಿಕಕ್ಕೆ ಬಂದ. ಕಾರಿನ ಬಿಡಿಭಾಗಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆದು ಪಾಸು ಫೇಲು ಮಾಡುವ ಕೆಲಸ. ಮೊದಲು ಗಂಡ ಹೆಂಡತಿ ಶಿಕಾಗೊ ಪಕ್ಕದ ಸ್ಕೋಕಿಯಲ್ಲಿ ಮೂರು ವರ್ಷ ಇದ್ದರು. ಅಲ್ಲಿ ಪಕ್ಕದ ಅಪಾರ್ಟ್‌ಮೆಂಟಿನ ಒಂದು ಸಂಸಾರ ಇವರಿಗೆ ಬಲು ಹತ್ತಿರವಾಗಿತ್ತು. ಡೆವನ್ ಅವೆನ್ಯೂಗೆ ತರಕಾರಿ ತರಲು ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಒಂದು ದಿನ ಮಾತಿಗೆ ಮಾತು ಬಂದು ವೆಂಕಟರಾಮು ಅಪ್ಪನ ಕೆಲಸ ಹೇಳಿಬಿಟ್ಟ. ಅವರೇನೂ ಅನ್ನಲಿಲ್ಲ. ಮುಖವನ್ನೂ ಸಣ್ಣದು ಮಾಡಲಿಲ್ಲ. ಆದರೆ ಮುಂದಿನ ವಾರ ಕಾರಿನಲ್ಲಿ ಜಾಗವಿರಲಿಲ್ಲ, ಅದರ ಮುಂದಿನ ವಾರವೂ ಇರಲಿಲ್ಲ. ಆ ಮನೆಯ ಸತ್ಯನಾರಾಯಣ ಪೂಜೆಗೆ ಕರೆ ಬರಲಿಲ್ಲ. ಹೆಂಡತಿ ಲತಾಶ್ರೀ ಎರಡು ಸಲ ತಾನೇ ಹೋಗಿ ಬಾಗಿಲು ತಟ್ಟಿ ಬಂದಳು. ಮೂರನೇ ಸಲ ಹೋಗಲಿಲ್ಲ.

ಮಿಷಿಗನ್‌ಗೆ ಬಂದಾಗ ಲತಾಶ್ರೀ ಗಂಡನಿಂದ ಒಂದು ಮಾತು ತೆಗೆದುಕೊಂಡಿದ್ದಳು. ತೊಗಲು, ಕೇರಿ ಎರಡೂ ಶಬ್ದ ಈ ಊರಿನಲ್ಲಿ ಯಾರ ಮುಂದೆಯೂ ಬರಕೂಡದು, ಮಗಳ ಮುಂದೆಯೂ. ತೇಜಸ್ವಿನಿಗೆ ಹೇಳಿದ್ದು ತಾತನದು ಮೈಸೂರಿನಲ್ಲಿ ಒಂದು ಅಂಗಡಿ ಇತ್ತು ಅಂತ. ಯಾವ ಅಂಗಡಿ ಅಂತ ಆ ಹುಡುಗಿ ಕೇಳಿರಲೂ ಇಲ್ಲ. ಇಷ್ಟೆಲ್ಲ ಮುಚ್ಚಿಟ್ಟರೂ ಹನ್ನೊಂದು ತುಂಬಿದ ಮಗಳು ಶಾಲೆಯ ಗೆಳತಿಯ ಮನೆಯಲ್ಲಿ ಮೃದಂಗ ಕೇಳಿ ಬಂದು, ‘ಐ ವಾಂಟ್ ಟು ಲರ್ನ್ ದಟ್’ ಅಂದಾಗ ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಡ ಅನ್ನಲು ಕಾರಣ ಹೇಳಬೇಕಾಗುತ್ತಿತ್ತು. ಸೇರಿಸಿದರು.

ಈಗ ಅವಳಿಗೆ ಹದಿನೈದು. ನವೆಂಬರಿನ ಎರಡನೇ ಶನಿವಾರ ಶಿಕಾಗೊ ಹತ್ತಿರದ ಲೆಮಾಂಟ್‌ನ ದೇವಸ್ಥಾನದಲ್ಲಿ ಬಳಗದ ಮಕ್ಕಳೆಲ್ಲ ಸೇರಿ ಬಾರಿಸುವುದಿತ್ತು. ಅದರ ಕೊನೆಗೆ ಹತ್ತು ನಿಮಿಷ ತೇಜಸ್ವಿನಿ ಒಬ್ಬಳದೇ ತನಿ. ಒಬ್ಬಳೇ ಕೂತು ಬಾರಿಸುವುದು ಅವಳಿಗೆ ಅದೇ ಮೊದಲು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಅನಸೂಯಮ್ಮ ಎರವಲು ಕೊಟ್ಟ ಹದಿನಾಲ್ಕು ಮೃದಂಗಗಳನ್ನೂ ಬೇಸ್‌ಮೆಂಟಿಗೆ ತರಿಸಿ, ರೇಷ್ಮೆ ಸೀರೆ ಹಾಸಿ ಸಾಲಾಗಿ ಇಡಿಸಿದರು. ಬೆಳ್ಳಿ ಬಟ್ಟಲಿನಲ್ಲಿ ಕುಂಕುಮಕ್ಕೆ ಗಂಧ, ನೀರು ಹಾಕಿ ತಾವೇ ಬೆರಳಿನಿಂದ ಕಲಸಿದರು. ವೆಂಕಟರಾಮು ಮೆಟ್ಟಿಲ ಕೊನೆಯಲ್ಲಿ ಹೂವಿನ ಚೀಲ ಹಿಡಿದು ನಿಂತಿದ್ದ. ಆ ಬಟ್ಟಲು ಎತ್ತ ಹೋಗುತ್ತದೆಂದು ನೋಡಿದ. ಅನಸೂಯಮ್ಮ ಮೊದಲ ಮೃದಂಗದ ಕರಣೆಯ ನಟ್ಟ ನಡುವೆ, ದೇವರ ಹಣೆಗೆ ಇಡುವ ಹಾಗೆ, ಅಗಲವಾಗಿ ಬೊಟ್ಟು ಇಟ್ಟರು. ಆಮೇಲೆ ಬಟ್ಟಲು ತಾಯಂದಿರ ಕೈಗೆ ಹೋಯಿತು. ಕಪ್ಪಿನ ಮೇಲೆ ಕೆಂಪು ಚೆನ್ನಾಗಿ ಕಾಣುತ್ತದೆಂದು ಒಬ್ಬರನ್ನು ನೋಡಿ ಒಬ್ಬರು ದೊಡ್ಡ ದೊಡ್ಡದಾಗಿ ಇಟ್ಟರು. ಮೇಲೆ ಅಕ್ಷತೆ, ಹೂವು, ಕೊನೆಗೆ ತೀರ್ಥದ ಪ್ರೋಕ್ಷಣೆ. ಭಕ್ತಿಯಲ್ಲಿ ಯಾರೂ ಕಡಿಮೆ ಮಾಡಲಿಲ್ಲ.

ಒರೆಸಿ ಎಂಬ ಮಾತು ವೆಂಕಟರಾಮುವಿನ ನಾಲಿಗೆಯ ತುದಿಗೆ ಬಂದಿತ್ತು. ಒಣಬಟ್ಟೆಯಲ್ಲಿ ಆಗಲೇ ಒತ್ತಿ ತೆಗೆದಿದ್ದರೂ ಸಾಕಿತ್ತು. ಆದರೆ ಎದುರಿಗೆ ಲತಾಶ್ರೀ ನಿಂತಿದ್ದಳು. ಅವಳು ತಲೆ ಅಲ್ಲಾಡಿಸಲಿಲ್ಲ, ಕಣ್ಣು ಸನ್ನೆ ಮಾಡಲಿಲ್ಲ, ಸುಮ್ಮನೆ ಇವನನ್ನು ನೋಡಿದಳು. ಇವನು ಹೂವಿನ ಚೀಲ ಕೆಳಗಿಟ್ಟು ಮಂಗಳಾರತಿಗೆ ಕೈ ಮುಗಿದ.

ಹೊರಗಿನ ಚಳಿ ನಲವತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದಿತ್ತು, ಮನೆಮನೆಯಲ್ಲೂ ಹೀಟರ್ ಶುರುವಾಗಿತ್ತು. ನೆನೆದ ಕರಣೆ ಆ ಒಣ ಶಾಖಕ್ಕೆ ತಡೆಯಲಿಲ್ಲ. ಹತ್ತು ದಿನದೊಳಗೆ ಒಂಬತ್ತು ಮೃದಂಗಗಳ ಕರಣೆ ಹಳೆಯ ಗೋಡೆಯ ಸುಣ್ಣದ ಹಾಗೆ ಚಕ್ಕೆ ಎದ್ದು ಉದುರಿತು. ತೇಜಸ್ವಿನಿ ತನ್ನದನ್ನು ಎತ್ತಿಕೊಂಡು ಬಂದು ಅಪ್ಪನ ಮುಂದಿಟ್ಟು, ‘ಇಟ್ಸ್ ಡೆಡ್, ಅಪ್ಪ’ ಎಂದಳು. ಅಳಲಿಲ್ಲ. ಪಾಠದ ಪುಸ್ತಕ ಮುಚ್ಚಿ ರೂಮಿಗೆ ಹೋದಳು.

ಅನಸೂಯಮ್ಮ ಊರಿಗೆ ನಾಲ್ಕು ಫೋನು ಮಾಡಿದರು. ಎಲ್ಲರೂ ಹೇಳಿದ್ದು ಒಂದೇ, ಜನವರಿಗಿಂತ ಮೊದಲು ಆಗುವುದಿಲ್ಲ. ಲೆಮಾಂಟ್ ಕಾರ್ಯಕ್ರಮ ನಿಂತಿತೆಂದು ಎಲ್ಲರಿಗೂ ಮೆಸೇಜು ಬಂತು. ಅದರ ಕೆಳಗೆ ಅವರೇ ಒಂದು ಸಾಲು ಸೇರಿಸಿದ್ದರು. ವಾದ್ಯ ನೋಡಿಕೊಳ್ಳಲು ಬಾರದವಳು ಬಳಗ ನಡೆಸಬಾರದು, ವರ್ಷದ ಕೊನೆಗೆ ಇದನ್ನು ಮುಚ್ಚುತ್ತೇನೆ ಎಂದು.

ವೆಂಕಟರಾಮು ಆ ಸಾಲನ್ನು ಲತಾಶ್ರೀಗೆ ತೋರಿಸಿದ. ಅವಳು ಬಹಳ ಹೊತ್ತು ಪಾತ್ರೆ ಉಜ್ಜಿದಳು. ಆಮೇಲೆ ತಾನೇ ಒಂದು ದಾರಿ ಹೇಳಿದಳು. ‘ಗರಾಜಲ್ಲೇ ಕೂತು ಮಾಡಿ. ಟೊರಾಂಟೋಲಿ ಯಾರೋ ರಿಪೇರಿಯವರು ಸಿಕ್ರು, ಅವರ ಹತ್ರ ಡ್ರೈವ್ ಮಾಡ್ಕೊಂಡು ಹೋಗಿ ಮಾಡಿಸ್ಕೊಂಡ್ ಬಂದೆ ಅಂತ ಹೇಳಿ. ಮಕ್ಕಳಿಗೂ ಆಯ್ತು, ನಮಗೂ ಆಯ್ತು.’

ಅವಳು ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದು ಎಲ್ಲಿಂದ ಬಂದದ್ದೆಂದು ಅವನಿಗೂ ಗೊತ್ತಿತ್ತು. ಒಪ್ಪಿಕೊಂಡ.

ಭಾನುವಾರ ಮಧ್ಯಾಹ್ನ ಗರಾಜಿನಲ್ಲಿ ಚಳಿಗಾಲದ ಟೈರುಗಳನ್ನು ಪಕ್ಕಕ್ಕೆ ಸರಿಸಿ ಮಗಳ ಮೃದಂಗ ಮಡಿಲಲ್ಲಿಟ್ಟುಕೊಂಡು ಕೂತ. ಯಾರೋ ವಿದ್ವಾಂಸರು ಹಿಂದೆ ಬಳಗದ ಬೀರುವಿನಲ್ಲಿ ಬಿಟ್ಟು ಹೋಗಿದ್ದ ಕಪ್ಪು ಪುಡಿಯ ಪೊಟ್ಟಣಗಳು ಹಾಗೇ ಇದ್ದವು. ಟೊರಾಂಟೋದ ರಿಪೇರಿಯವರಿಗೆ ಬೇಕಂತೆ ಎಂದು ಅನಸೂಯಮ್ಮನವರಿಗೆ ಹೇಳಿ ಅವನ್ನು ಇಸಿದುಕೊಂಡು ಬಂದಿದ್ದ. ಹಳೆಯದನ್ನು ಕೆರೆದ. ಮೊದಲ ಪದರ ಹಚ್ಚಿ ಕಲ್ಲು ಉಜ್ಜಲು ಶುರು ಮಾಡಿದಾಗ ಮೂವತ್ತು ವರ್ಷ ಬಿಟ್ಟಿದ್ದ ಕೈ ತಾನಾಗಿಯೇ ದುಂಡಗೆ ತಿರುಗಿತು. ಉಜ್ಜುವ ಸದ್ದು ಮೊದಲು ಒದ್ದೆಯಾಗಿ, ಮಂದವಾಗಿ ಇರುತ್ತದೆ. ಒಣಗುತ್ತ ಬಂದ ಹಾಗೆ ಸಣ್ಣಗಾಗಿ ಕೊನೆಗೆ ಗಾಜಿನ ಮೇಲೆ ಉಗುರು ಎಳೆದ ಹಾಗಾಗುತ್ತದೆ. ಆಗ ಮುಂದಿನ ಪದರ. ಅಪ್ಪ ಇದನ್ನು ಹೇಳಿಕೊಟ್ಟದ್ದಲ್ಲ. ಪಕ್ಕದಲ್ಲಿ ಕೂತು ಕೇಳಿ ಕೇಳಿ ಬಂದದ್ದು.

ತಲೆ ಎತ್ತಿದಾಗ ತೇಜಸ್ವಿನಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

‘ಹೂ ಟಾಟ್ ಯು?’

‘ಯೂಟ್ಯೂಬಲ್ಲಿ ನೋಡ್ದೆ’ ಅಂದ.

ಅವಳು ಅವನ ಕೈಯನ್ನೇ ನೋಡಿದಳು. ಆ ಕೈ ಅವತ್ತು ಕಲಿತ ಕೈಯಲ್ಲವೆಂದು ಮೃದಂಗ ಹಿಡಿದ ಹುಡುಗಿಗೆ ತಿಳಿಯದೆ ಹೋಗುತ್ತದೆಯೆ? ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಸಂಜೆಯಾಗುವವರೆಗೂ ಕದಲಲಿಲ್ಲ. ಅವನು ಮುಗಿಸಿ, ಬಾರು ಬಿಗಿದು, ಶ್ರುತಿ ಕೂಡಿಸಿ ಅವಳ ಕೈಗೆ ಕೊಟ್ಟ. ಅವಳು ಒಂದೇ ಒಂದು ಚಾಪು ಹಾಕಿದಳು. ನಾದ ಗರಾಜಿನ ತಗಡಿನ ಬಾಗಿಲಿಗೆ ತಾಗಿ ನಿಂತಿತು. ಆಮೇಲೆ ಅಪ್ಪನ ಮುಖ ನೋಡಿ, ‘ಥ್ಯಾಂಕ್ಯು’ ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳು ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಸಾಯಂಕಾಲ ಅಪ್ಪ ಮಗಳು ಮೃದಂಗ ತೋರಿಸಲು ಅನಸೂಯಮ್ಮನವರ ಮನೆಗೆ ಹೋದರು. ಅನಸೂಯಮ್ಮ ನಾಲ್ಕು ಪೆಟ್ಟು ಹಾಕಿ ನೋಡಿ ಕಣ್ಣಿಗೆ ಸೆರಗು ಒತ್ತಿಕೊಂಡರು. ಹಾಗಾದರೆ ಲೆಮಾಂಟ್ ನಿಲ್ಲಿಸುವುದು ಬೇಡ, ಉಳಿದ ಎಂಟನ್ನೂ ನಾಳೆಯೇ ಕಳಿಸೋಣ ಎಂದರು. ಬಳಗದ ರಿಜಿಸ್ಟರು ತೆಗೆದು, ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು ಕೂತರು. ಬಳಗದವರು ಪ್ರತಿವರ್ಷ ಒಬ್ಬ ಕಲಾವಿದರಿಗೆ ಶಾಲು ಹೊದಿಸುವುದಿತ್ತು. ಈ ವರ್ಷ ಬೇರೆ ಯಾರಿಗೂ ಬೇಡ, ಟೊರಾಂಟೋದವರಿಗೇ ಎಂದು ಅವರ ನಿರ್ಧಾರ.

‘ಅವರ ಹೆಸರು ಹೇಳ್ರಿ, ಬರ್ಕಂತೀನಿ’ ಅಂದರು.

ವೆಂಕಟರಾಮು ಮಗಳ ಕಡೆ ತಿರುಗಿದ. ಅವಳು ಅವನನ್ನು ನೋಡಲಿಲ್ಲ, ಮೃದಂಗದ ಬಾರನ್ನು ಬೆರಳಲ್ಲಿ ಎಣಿಸುತ್ತಿದ್ದಳು. ಅವಳಿಗೆ ಸತ್ಯ ಗೊತ್ತು. ಅಪ್ಪ ಈಗ ಏನು ಹೇಳಿದರೂ ಅದನ್ನೇ ಒಪ್ಪಿಕೊಂಡು ಸುಮ್ಮನಾಗಲು ಅವಳು ಸಿದ್ಧವಾಗಿದ್ದಾಳೆಂದು ಅವನಿಗೆ ಹೊಳೆಯಿತು. ಒಂದು ಸುಳ್ಳು ಹೆಸರು ಹೇಳಿದರೆ ಸಾಕು, ಇವತ್ತಿನಿಂದ ಈ ಮುಚ್ಚಿಡುವ ಕೆಲಸ ಅವಳದೂ ಆಗುತ್ತದೆ. ಹದಿನೈದು ವರ್ಷದವಳು ಇನ್ನೆಷ್ಟು ವರ್ಷ ಹೊರಬೇಕು?

‘ಟೊರಾಂಟೋಲಿ ಯಾರೂ ಇಲ್ಲ ಮೇಡಂ. ಮಾಡಿದ್ದು ನಾನೇ. ನಮ್ಮಪ್ಪ ಮಾದಯ್ಯ ಅಂತ, ಮೈಸೂರಲ್ಲಿ ತೊಗಲಿನ ಕೆಲಸ ಮಾಡ್ತಿದ್ರು. ಮೃದಂಗ ಕಟ್ಟೋರು.’

ತೇಜಸ್ವಿನಿಯ ಬೆರಳು ನಿಂತಿತು. ಅನಸೂಯಮ್ಮ ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದರು.

‘ನಾನು ಕುಂಕುಮ ಕಲಸೋವಾಗ ನೀವು ಅಲ್ಲೇ ನಿಂತಿದ್ರಲ್ರೀ’ ಎಂದರು ಕೊನೆಗೆ. ‘ಯಾಕ್ ಹೇಳ್ಲಿಲ್ಲ?’

‘ಹೇಳಿದ್ರೆ, ನಿಮಗೆ ಹೇಗೆ ಗೊತ್ತು ಅಂತ ಕೇಳ್ತಿದ್ರಿ.’

ಅನಸೂಯಮ್ಮ ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಎಂದು ಹೇಳಲು ಬಾಯಿ ತೆರೆದವರು ಅದನ್ನು ಹೇಳಲಾರದೆ ನಿಂತರು. ಮೂವತ್ತು ವರ್ಷ ಎಲ್ಲರ ಮಕ್ಕಳನ್ನೂ ಮುಟ್ಟಿ ಔಷಧಿ ಕೊಟ್ಟವರು ಅವರು. ಆದರೂ ಈ ಮನುಷ್ಯ ತಮ್ಮ ಮನೆಯ ಮುಂದೆ ನಾಲ್ಕು ವರ್ಷ ಕಾರಿನಲ್ಲಿ ಕೂತದ್ದು ಅವರಿಗೆ ಗೊತ್ತಿತ್ತು. ಒಳಗೆ ಬನ್ನಿ ಎಂದು ಮೊದಲು ಎರಡು ಸಲ ಕರೆದು, ಆಮೇಲೆ ಬಿಟ್ಟಿದ್ದರು. ಈಗ ದನಿ ತಗ್ಗಿಸಿ, ಉಳಿದ ಎಂಟನ್ನೂ ಮಾಡಿಕೊಡುತ್ತೀರಾ ಎಂದು ಕೇಳಿದರು.

ಮಾಡುತ್ತೇನೆ, ಆದರೆ ಗರಾಜಿನಲ್ಲಿ ಮಾಡುವುದಿಲ್ಲ ಎಂದ. ಇಲ್ಲಿ ಮಕ್ಕಳ ಎದುರಿಗೆ ಮಾಡುತ್ತೇನೆ. ಅವರವರ ವಾದ್ಯವನ್ನು ಅವರವರೇ ಉಜ್ಜಬೇಕು. ಯಾವ ಚರ್ಮ ಎಲ್ಲಿಂದ ಬಂತು, ಯಾರು ಹದ ಮಾಡಿದರು ಎಂದು ಕೇಳಿದರೆ ಹೇಳುತ್ತೇನೆ. ಇಷ್ಟ ಇದ್ದವರು ಬರಲಿ.

ಕಾರಿನಲ್ಲಿ ಬರುವಾಗ ಎರಡು ಎಕ್ಸಿಟ್ ದಾಟಿದ ಮೇಲೆ ತೇಜಸ್ವಿನಿ, ತಾತನ ಫೋಟೋ ಇದೆಯಾ ಎಂದು ಕನ್ನಡದಲ್ಲೇ ಕೇಳಿದಳು. ಇಲ್ಲ ಎಂದ. ನಿಜವಾಗಿಯೂ ಇರಲಿಲ್ಲ. ಯಾರೂ ತೆಗೆದಿರಲಿಲ್ಲ.

ಮನೆಯಲ್ಲಿ ಲತಾಶ್ರೀಗೆ ವಿಷಯ ತಿಳಿದಾಗ ಜಗಳವಾಡಲಿಲ್ಲ. ‘ನೀವು ಹೇಳಿಬಿಟ್ಟು ಕೆಲಸಕ್ಕೆ ಹೋಗ್ತೀರಾ. ಪಾರ್ಕಲ್ಲಿ, ಅಂಗಡೀಲಿ ಎಲ್ಲರ ಮುಖ ನೋಡೋಳು ನಾನು’ ಅಂದಳು. ಅಷ್ಟು ಹೇಳಿ ಆ ವಾರವೆಲ್ಲ ಬೇಕಾದಷ್ಟೇ ಮಾತಾಡಿದಳು. ಅವಳು ಅಂದದ್ದರಲ್ಲಿ ಸುಳ್ಳೇನಿರಲಿಲ್ಲ. ಎರಡು ಮನೆಯವರು ತಮ್ಮ ಮಕ್ಕಳಿಗೆ ಹೋಂವರ್ಕ್ ಜಾಸ್ತಿಯಾಯಿತೆಂದು ಮೃದಂಗ ತಂದು ಅನಸೂಯಮ್ಮನವರ ಬಾಗಿಲ ಹೊರಗೆ ಇಟ್ಟು, ಬೆಲ್ ಕೂಡ ಒತ್ತದೆ ಹೊರಟು ಹೋದರು. ಉಳಿದವರು ಬರುತ್ತೇವೆ ಎಂದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬೇಸ್‌ಮೆಂಟಿನಲ್ಲಿ ಚಾಪೆ ಹಾಸಿತ್ತು. ಆರು ಮಕ್ಕಳು, ಆರು ಬೋಳು ಮುಚ್ಚಿಗೆ, ನಡುವೆ ವೆಂಕಟರಾಮು. ತಾಯಂದಿರು ಗೋಡೆಗೆ ಒರಗಿ ಕೂತಿದ್ದರು. ಒಬ್ಬ ಹುಡುಗ, ಇದು ನಿಜವಾಗಿ ಹಸುವಿನ ಚರ್ಮವೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವನ ತಾಯಿ ಚೇತನಾ, ಧಾರವಾಡದವಳು, ಮಗನ ತೊಡೆ ಚಿವುಟಿದಳು. ವೆಂಕಟರಾಮು ಹೌದು ಅಂದ. ಅಂಚಿಗೆ ಹಸು, ಒಳಗೆ ಆಡು, ಎಡಗಡೆಗೆ ಎಮ್ಮೆ ಎಂದು ಮುಟ್ಟಿ ತೋರಿಸಿದ. ಸತ್ತದ್ದನ್ನು ಹೊತ್ತು ತರುತ್ತಿದ್ದದ್ದು ನಮ್ಮಪ್ಪ, ಕೆರೆಯುತ್ತಿದ್ದದ್ದು ನಮ್ಮವ್ವ, ಅವಳ ಕೈ ವಾಸನೆ ಹಬ್ಬದ ದಿನವೂ ಹೋಗುತ್ತಿರಲಿಲ್ಲ ಎಂದ. ಹುಡುಗ ಮುಚ್ಚಿಗೆಗೆ ಮೂಗು ಹತ್ತಿರ ತಂದು ನೋಡಿದ. ಯಾರೂ ನಗಲಿಲ್ಲ. ಆಮೇಲೆ ಉಜ್ಜುವ ಸದ್ದು ಶುರುವಾಯಿತು, ಆರು ಕಡೆ ಆರು ಥರ. ಕಿವಿ ಕೊಡಿ, ಕಣ್ಣು ಬೇಡ ಎಂದು ವೆಂಕಟರಾಮು ಒಬ್ಬೊಬ್ಬರ ಹಿಂದೆಯೂ ಕೂತು ಹೇಳುತ್ತ ಹೋದ.

ಹನ್ನೊಂದೂವರೆಗೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿತು. ನಡಿಗೆಯಿಂದಲೇ ಅವನಿಗೆ ಗೊತ್ತಾಯಿತು, ಆದರೂ ತಿರುಗಲಿಲ್ಲ. ಲತಾಶ್ರೀ ಕೋಟು ತೆಗೆಯದೆ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಮಗಳನ್ನು ಕರೆದುಕೊಂಡು ಹೋಗಲು ಬಂದವಳ ಹಾಗಿದ್ದಳು. ತೇಜಸ್ವಿನಿ ಒಬ್ಬ ಪುಟ್ಟ ಹುಡುಗಿಯ ಕೈ ಮೇಲೆ ತನ್ನ ಕೈ ಇಟ್ಟು ಕಲ್ಲು ತಿರುಗಿಸುವುದನ್ನು ಹೇಳಿಕೊಡುತ್ತಿದ್ದಳು. ಲತಾಶ್ರೀ ಅದನ್ನು ನೋಡುತ್ತ ಬಹಳ ಹೊತ್ತು ನಿಂತಳು.

ಚೇತನಾ ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. ‘ಬರ್ರೀ ಅಕ್ಕಾರ, ಕುಂದರ್ರಿ. ನಿಮಗೂ ಈ ಕೆಲಸ ಬರ್ತದೇನ್ರಿ?’

ಕೋಣೆಯಲ್ಲಿ ಉಜ್ಜುವ ಸದ್ದು ಒಂದೆರಡು ಕಡೆ ನಿಧಾನವಾಯಿತು. ಲತಾಶ್ರೀ ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿ, ಮಡಚಿ ಪಕ್ಕಕ್ಕಿಟ್ಟಳು.

‘ನನಗೆ ಬರಲ್ಲ’ ಅಂದಳು. ‘ನಮ್ಮಪ್ಪ ಮೇಷ್ಟ್ರು. ಈ ಕೆಲಸ ಮುಟ್ಟಬೇಡ ಅಂತಾನೇ ನಮ್ಮನ್ನ ಓದಿಸಿದ್ರು. ನಮ್ಮಜ್ಜಿಗೆ ಬರ್ತಿತ್ತು. ಊರಿನ ತಮಟೆಗೆಲ್ಲ ಚರ್ಮ ಹದ ಮಾಡ್ತಿದ್ದೋಳು ಅವಳೇ.’

ಅಜ್ಜಿಯ ಆ ಮಾತನ್ನು ಅವಳು ಗಂಡನ ಹತ್ತಿರವೂ ಒಂದು ದಿನ ಆಡಿದವಳಲ್ಲ. ವೆಂಕಟರಾಮು ಆಗ ತಿರುಗಿ ನೋಡಿದ. ಅವಳು ಅವನನ್ನು ನೋಡದೆ ಚಾಪೆಯ ಮೇಲೆ ಕೂತು, ಮಗಳ ಕಡೆಗೆ ಸರಿದು, ಹೇಗೆ ಹಿಡಿಯುವುದು ತೋರಿಸು ಎಂದಳು. ತೇಜಸ್ವಿನಿ ಅಮ್ಮನ ಅಂಗೈ ಬಿಡಿಸಿ ಅದರಲ್ಲಿ ಕಲ್ಲು ಇಟ್ಟಳು.